ಪರದೆಯ ಬೆನ್ನಿಗೆ

ಬ್ರೋಕನ್ ಹಿಲ್ಲಿನ ಲೈಬ್ರರಿ ಬಾಗಿಲಲ್ಲಿ
ಒಂದು ಪರದೆ. ಯಾರೋ ಕೊಟ್ಟಿದ್ದು.
ಇವತ್ತಿನ ಉಷ್ಣಾಂಶ, ಮಕ್ಕಳ ಕತೆಯ ಹೊತ್ತು,
ಪುಸ್ತಕ ಮರಳಿಸದವರಿಗೆ ಒಂದು ನಯವಾದ ಗದರಿಕೆ.
ಇಷ್ಟನ್ನೂ ನಡೆಸುವ ಕಂಪ್ಯೂಟರು
ಇಸ್ಪೀಟು ಕಟ್ಟಿನಷ್ಟೇ;
ಮೇಜಿನ ಮೇಲಿಟ್ಟರೆ ಕಾಗದದಡಿ ಕಾಣೆ,
ಟೇಪು ಹಚ್ಚಿದರೆ ಮಧ್ಯಾಹ್ನಕ್ಕೆ ಕಳಚುತ್ತದೆ.

ಮರ್ವಿನ್ ಟ್ರೆಗೆನ್ಜಾ ಬಂದ.
ಗಣಿಯಲ್ಲಿ ಫಿಟ್ಟರ್ ಆಗಿದ್ದವ, ಎಪ್ಪತ್ತೊಂಬತ್ತು, ಕಿವಿ ಮಂದ,
ಅಂಗಿ ಜೇಬಲ್ಲಿ ಪೆನ್ನಿನ ಜಾಗಕ್ಕೆ ಕ್ಯಾಲಿಪರ್.
ಪರದೆಯ ಬೆನ್ನಿನ ನಾಲ್ಕು ತೂತು ಅಳೆದ.
ನೂರು ಮಿಲಿಮೀಟರಿನ ಚೌಕ.
ನಂಬದೆ ಇನ್ನೊಮ್ಮೆ ಅಳೆದ.
‘ಬ್ರಾಕೆಟ್ ಬೇಕು’ ಅಂದ.

ನನಗೆ ಗೊತ್ತಿದ್ದ ಬ್ರಾಕೆಟ್ಟು
ಎರಡು ಬಾಗಿದ ಗೆರೆ ಮಾತ್ರ,
ಚೌಗಲಾ ಮಾಸ್ತರರು ಹಲಗೆಗೆ ಬೆತ್ತ ಬಡಿದು
‘ಮೊದಲ ಆವರಣ ಬಿಡಸ್ರಿ, ಹೊರಗಿಂದು ಆಮ್ಯಾಲೆ’
ಎಂದು ಗುಡುಗುತ್ತಿದ್ದದ್ದು.
ಬಿಡಿಸಿದ ಮೇಲೆ ಅದು ಉಳಿಯುತ್ತಿರಲಿಲ್ಲ.

ಮಕ್ಕಳ ವಿಭಾಗದ ಮೂಲೆಯ ಪ್ರಿಂಟರು
ಜಿಲೇಬಿ ಬಿಟ್ಟ ಹಾಗೆ ಬಿಡುತ್ತದೆ,
ಗೆರೆಯ ಮೇಲೆ ಗೆರೆ, ಕೂದಲೆಳೆ ದಪ್ಪ.
ಮೊದಲನೆಯದರ ಮೂಲೆ ಎದ್ದು ಹಪ್ಪಳವಾಯಿತು.
ಎರಡನೆಯದಕ್ಕೆ ತೂತು ಚಿಕ್ಕದು, ಸ್ಕ್ರೂ ಹೋಗಲೊಲ್ಲದು.
ಮೂರನೆಯದು ಆರು ಗಂಟೆ ನಲವತ್ತು ನಿಮಿಷ;
ತೊಟ್ಟಿಲಲ್ಲಿ ಕೂಸು ಕೂತ ಹಾಗೆ ಕೂತಿತು.
ನಾವಿಬ್ಬರೂ ಸ್ವಲ್ಪ ಹೊತ್ತು
ಪರದೆಯ ಮುಂದೆ ನಿಲ್ಲುವ ಬದಲು
ಹಿಂದೆ ನಿಂತಿದ್ದೆವು.

ಜನವರಿ. ಭಾನುವಾರ. ಬಾಗಿಲು ಮುಚ್ಚಿ ಎ.ಸಿ. ಆರಿಸಿತ್ತು.
ಸೋಮವಾರ ಬಂದು ನೋಡಿದರೆ
ಬ್ರಾಕೆಟ್ಟು ನಾಲಿಗೆಯಂತೆ ಜೋತಿದೆ,
ಕಂಪ್ಯೂಟರು ತನ್ನ ವೈರಿಗೇ ಜೋತುಬಿದ್ದ ಬಾವಲಿ,
ಆದರೂ ಮಿಣುಕುತ್ತಿದೆ.
ಪರದೆಯ ಮೇಲೆ: ನಿನ್ನೆಯ ಗರಿಷ್ಠ ನಲವತ್ತೈದು.
ತನ್ನನ್ನು ಹೊತ್ತದ್ದನ್ನು ಕರಗಿಸಿದ ಬಿಸಿಲಿನ ಲೆಕ್ಕ,
ಒಂದು ಡಿಗ್ರಿಯೂ ತಪ್ಪದೆ.

ನಗುತ್ತಾನೆ ಅಂದುಕೊಂಡೆ. ಮರ್ವಿನ್ ನಗಲಿಲ್ಲ.
ಜೋತದ್ದನ್ನು ಅಂಗೈಯಲ್ಲಿ ತೂಗಿ ನೋಡಿದ.
‘ಕೆಳಗೆ ನಾವು ಮರದ ಊರೆ ಕೊಡುತ್ತಿದ್ದೆವು.
ಮುರಿಯುವ ಮುಂಚೆ ಅದು ಕಿರುಗುಟ್ಟುತ್ತಿತ್ತು,
ಓಡಲಿಕ್ಕೆ ಅಷ್ಟು ಹೊತ್ತು ಸಿಗುತ್ತಿತ್ತು.
ಇದಕ್ಕೆ ಆ ಮರ್ಯಾದೆ ಇಲ್ಲ.’

ಬಿಸಿಗೆ ಜಗ್ಗದ ನೂಲು ಅಡಿಲೇಡಿನಿಂದ ಬಂತು.
ಪಕ್ಕೆಲುಬು ದಪ್ಪ ಮಾಡಿದೆ,
ಉಸಿರಾಡಲು ಏಳು ಸೀಳು ಬಿಟ್ಟೆ.
ಒಂಬತ್ತು ಗಂಟೆ. ಬಣ್ಣ ಕಡುಗಪ್ಪು,
ಯಾರಿಗೂ ಕಾಣುವುದಿಲ್ಲವಾದ್ದರಿಂದ
ಬಣ್ಣದ ಬಗ್ಗೆ ನಾವು ಬಹಳ ಜಗಳವಾಡಿದ್ದೆವು.

ಮೊನ್ನೆ ಕೌನ್ಸಿಲ್ಲಿನಿಂದ ಲೆಕ್ಕಕ್ಕೆ ಬಂದ ಹುಡುಗಿ
ಪಟ್ಟಿಯಲ್ಲಿರುವ ಕಂಪ್ಯೂಟರ್ ಎಲ್ಲಿ ಎಂದು
ಮೇಜಿನಡಿ, ಕಪಾಟಿನಲ್ಲಿ, ಶೌಚಾಲಯದ ಪಕ್ಕದ ಕೋಣೆಯಲ್ಲೂ ಹುಡುಕಿದಳು.
ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವ ಗಾದೆ
ಈ ಊರಿನವರಿಗೆ ಹೇಳುವುದು ಹೇಗೆ?
ಸುಮ್ಮನೆ ಪರದೆಯನ್ನು ತುಸು ತಿರುಗಿಸಿದೆ.

ಜೋತುಬಿದ್ದ ಹಳೆಯದು ನನ್ನ ಡ್ರಾಯರಿನಲ್ಲಿ,
ವಾರಸುದಾರರಿಲ್ಲದ ಕನ್ನಡಕಗಳ ಜೊತೆ.

ಬಿಸಿಲೇರಿದ ದಿನಗಳಲ್ಲಿ ಮರ್ವಿನ್ ಬರುತ್ತಾನೆ.
ಪರದೆಯಲ್ಲಿ ಏನಿದೆ ಎಂದು ಓದುವುದಿಲ್ಲ.
ಹಿಂದಕ್ಕೆ ಕೈ ಹಾಕಿ, ಅಂಗೈಯಲ್ಲ, ಮುಂಗೈಯ ಬೆನ್ನಿನಿಂದ
ಒಂದು ಗಳಿಗೆ ಮುಟ್ಟಿ,
ಹೂಂ ಅಂದು,
ದಪ್ಪಕ್ಷರದ ಪುಸ್ತಕಗಳ ಕಡೆ ಹೋಗುತ್ತಾನೆ.