ನಕ್ಷತ್ರ ಆರಿಸಿದ ರಾತ್ರಿ

ಡಿಸೆಂಬರ್ ಇಪ್ಪತ್ತೆರಡು. ಹನ್ನೊಂದೂ ನಲವತ್ತು.
ಓಬೇದ ಈಗಷ್ಟೇ ಕಣ್ಣು ಮುಚ್ಚಿದ್ದಾನೆ,
ಮುಚ್ಚಿದ್ದಾನೆ ಅಂದರೆ ಒಂದು ಕಣ್ಣು ಪೂರ್ತಿ, ಇನ್ನೊಂದು ಮುಕ್ಕಾಲು.
ಏಳು ತಿಂಗಳ ಕೂಸಿನ ನಿದ್ದೆ
ಕಾಯಿಸಿಟ್ಟ ಹಾಲಿನ ಮೇಲಿನ ಕೆನೆ,
ಉಸಿರು ತಾಗಿದರೂ ಸುಕ್ಕಾಗುತ್ತದೆ.
ನನ್ನ ಎಡಗೈ ಅವನ ಬೆನ್ನ ಕೆಳಗೆ ಸಿಕ್ಕಿಕೊಂಡಿದೆ.
ಬಲಗೈಗೆ ಕರ್ಜಿಕಾಯಿಯ ಹೂರಣ ಇನ್ನೂ ಅಂಟಿದೆ.

ಈ ಸಲ ಏನೇನು ಆಗಲಿಲ್ಲ ಅಂತ ಹೇಳಲೇ?
ಗೋಡೆಗೆ ಸುಣ್ಣವಿಲ್ಲ. ಪರದೆ ಒಗೆದಿಲ್ಲ.
ಕಜ್ಜಾಯಕ್ಕೆ ನೆನೆಹಾಕಿದ ಅಕ್ಕಿ ಹುಳಿ ಬಂದು
ಎರಡು ದಿನ ದೋಸೆಯಾಗಿ ಹೋಯಿತು.
ಗೋದಲಿ ಕಟ್ಟಿದ್ದು ಫ್ರಿಜ್ಜಿನ ತಲೆಯ ಮೇಲೆ,
ಯಾಕೆಂದರೆ ನೆಲದಲ್ಲಿ ಕಟ್ಟಿದ ದಿನವೇ
ದೆಬೋರಾ ಒಂದು ಕುರಿಯ ಕಿವಿ ಕಡಿದಳು,
ಜ್ಞಾನಿಯೊಬ್ಬನನ್ನು ಬಚ್ಚಲ ಹಂಡೆಗೆ ಇಳಿಸಿದಳು.
ಉಳಿದಿಬ್ಬರು ಈಗ ನಾಲೆಯಂಚಿನ ಹೊಸ ಹುಲ್ಲಿನಲ್ಲಿ ನಿಂತು
ಫ್ರಿಜ್ಜು ಗುರ್ ಎಂದಾಗಲೆಲ್ಲ ನಡುಗುತ್ತಾರೆ.

ಅವಳಿಗೆ ಮೂರು ವರ್ಷ.
ಹೊಸ ಫ್ರಾಕು ಚುಚ್ಚುತ್ತದಂತೆ.
ಕ್ರಿಸ್ಮಸ್ ತಾತನ ಹತ್ತಿಯ ಗಡ್ಡ ಕಂಡದ್ದೇ
ನನ್ನ ಸೀರೆಯ ನೆರಿಗೆಯೊಳಗೆ ಹೊಕ್ಕವಳು
ಸಭೆ ಮುಗಿಯುವ ತನಕ ಹೊರಬರಲಿಲ್ಲ.
"ಯೇಸುಕಂದ ಹುಟ್ಟತಾನೆ ನೋಡು" ಅಂದರೆ
"ಇನ್ನೊಂದು ಪಾಪುನಾ?" ಎಂದು ಕೇಳಿ
ಹೋಗಿ ಗೋಡೆಗೆ ಮುಖ ಮಾಡಿ ಕೂತಳು.

ಪಕ್ಕದ ಮನೆ ಸರ್ವಮಂಗಳಮ್ಮ ಪೂಜೆ ಮುಗಿಸಿ
ಹಣೆಯ ವಿಭೂತಿ ಸಮೇತ ಬಂದು
ಓಬೇದನನ್ನು ತೊಡೆ ಮೇಲೆ ಹಾಕಿಕೊಂಡರು,
ಅದರಿಂದಲೇ ಇಪ್ಪತ್ತೇಳು ಕರ್ಜಿಕಾಯಾದರೂ ಆದವು.
"ಕೇಕಿಗೆ ಮೊಟ್ಟೆ ಹಾಕಿಲ್ಲ ತಾನೆ?"
"ನಿಮ್ಮಾಣೆ ಇಲ್ಲ."
ಮಗನ ಕೆನ್ನೆಗೆ ಒಂದಿಷ್ಟು ವಿಭೂತಿ ಅಂಟಿತ್ತು.
ಒರೆಸಲು ಎರಡೂ ಕೈ ಹಿಟ್ಟು.
ಆಮೇಲೆ ಮರೆತೆ.

ಡುಮ್. ಡುಮ್ಮಕ ಡುಮ್.
ಅಶೋಕ ರಸ್ತೆಯ ಗೇಟಿನಾಚೆ ಡ್ರಮ್ಮು.
ತೀತಪ್ಪ ಮಾಸ್ತರ ಕ್ಯಾರಲ್ ತಂಡ.
ಗೇಟು ಹಾಕಿದೆ, ಗೂಡ್ಸು ಹೋಗುತ್ತಿದೆ.
ಸ್ವಾಮೀ, ಆ ಗಾಡಿಗೆ ಇನ್ನೂ ನಲವತ್ತು ಡಬ್ಬಿ ಇರಲಿ.

ಹೋದ ವರ್ಷ ಆ ಡ್ರಮ್ಮು ಬಾರಿಸಿದವನು ನನ್ನ ಗಂಡ.
ರಾತ್ರಿ ಒಂದಕ್ಕೆ ಯಾರ ಕದ ತಟ್ಟಿದ,
ಒಳಗೆ ಯಾವ ತಾಯಿ ಹಲ್ಲು ಕಚ್ಚಿದಳು,
ಆಗ ಗೊತ್ತಿರಲಿಲ್ಲ ದೇವಮಿತ್ರನಿಗೆ.
ಈಗ ತುದಿಗಾಲಲ್ಲಿ ಜಗುಲಿಗೆ ಹೋಗಿ
ನಕ್ಷತ್ರದ ಸ್ವಿಚ್ಚು ಆರಿಸಿ ಬಂದ.
ಕಳ್ಳನ ಹಾಗೆ ಬಂದು ನನ್ನ ಪಕ್ಕ ಕೂತ.
ಮಂಡಕ್ಕಿ ಭಟ್ಟಿಯ ಹೊಗೆಗೆ ಚಳಿ ಬೆರೆತು
ಓಣಿಗೆ ಓಣಿಯೇ ಕಪ್ಪಗಾಯಿತು.

ಆ ಛತ್ರದ ಯಜಮಾನನ ನೆನಪಾಯಿತು.
ವರ್ಷಾವರ್ಷ ನಾಟಕದಲ್ಲಿ ಅವನಿಗೆ ದಪ್ಪ ಮೀಸೆ ಅಂಟಿಸಿ
ಎಲ್ಲರೂ ಬೈದದ್ದೇ ಬೈದದ್ದು.
ಒಳಗೆ ಅವನ ಹೆಂಡತಿಗೂ ಹೀಗೇ
ಒಂದು ಕೈ ಸಿಕ್ಕಿಕೊಂಡಿತ್ತೋ ಏನೋ.
ಜಾಗ ಇತ್ತೇನೋ. ಕೂಸು
ಈಗಷ್ಟೇ ಮಲಗಿತ್ತೇನೋ.

ಓಣಿಯ ಬಾಯಲ್ಲಿ ಡ್ರಮ್ಮು ನಿಂತಿತು.
"ಲೈಟ್ ಆರ್ಸ್ಯಾರಲ್ರಿ ಮಾಸ್ತರೆ."
"ಕೂಸು ಮಲಗಿರಬೇಕಪಾ. ಸದ್ದು ಮಾಡಬ್ಯಾಡ್ರಿ, ನಡೀರಿ."
ಇಪ್ಪತ್ತು ಜೊತೆ ಚಪ್ಪಲಿ
ನಮ್ಮ ಗೇಟಿನ ಮುಂದೆ ಎಷ್ಟು ಮೆಲ್ಲಗೆ ಹಾದುಹೋದವೆಂದರೆ
ನನಗೆ ಗಂಟಲು ಕಟ್ಟಿತು.
ದೇವಮಿತ್ರ ನೆಲ ನೋಡುತ್ತಿದ್ದ.

ಆಮೇಲೆ ಗಪ್ಪನೆ ಮೌನ.
ಆ ಮೌನಕ್ಕೇ ಎದ್ದ ಓಬೇದ.

ಎದ್ದವನು ಅತ್ತ ಅಳು ಎಂಥದ್ದು!
ಹಾಸಿಗೆ ಬಿಟ್ಟು ಹೆಂಚಿಗೆ ಹತ್ತಿ, ಹೆಂಚು ಬಿಟ್ಟು ಬೀದಿಗಿಳಿದು
ಮೂರನೇ ಮನೆಯ ಮುಂದೆ ತೀತಪ್ಪ ಮಾಸ್ತರ ಹೆಗಲು ಹಿಡಿದು
ಹಿಂದಕ್ಕೆ ತಿರುಗಿಸಿತು.
"ಎದ್ದಾನ್ರಪೋ!"
ಡುಮ್ಮಕ ಡುಮ್.

ದೇವಮಿತ್ರ ಸ್ವಿಚ್ಚಿಗೆ ಓಡಿದ.
ನಾನು ಡಬ್ಬಿಯ ಮುಚ್ಚಳ ತೆಗೆದು ಎಣಿಸಿದೆ:
ಹೊರಗೆ ಇಪ್ಪತ್ತು ಜನ, ಒಳಗೆ ಇಪ್ಪತ್ತೇಳು ಕರ್ಜಿಕಾಯಿ.
ಅಲ್ಲ, ಇಪ್ಪತ್ತಾರು.
ಬಾಗಿಲ ಹಿಂದೆ ದೆಬೋರಾ,
ಬಾಯ ತುಂಬ ಕೊಬ್ಬರಿ.