ನಾಲ್ಕೇ ನಾಲ್ಕು

ಬುರುಲ್ಕನ್ ಆಪಾ ಮೊದಲ ವಾರ
ಮಕ್ಕಳ ಕೈಗೆ ಕ್ಯಾಮೆರಾ ಕೊಡಲಿಲ್ಲ.
ಚಹಾ ಪೊಟ್ಟಣದ ರಟ್ಟಿಗೆ ಚೌಕ ತೂತು ಕೊರೆದು
"ಇದರಲ್ಲಿ ನೋಡ್ಕೊಂಡು ಬನ್ನಿ" ಅಂದಳು.
ನನ್ನ ಮಗ ಎಲ್ದಾರ್ ಊಟಕ್ಕೂ
ಅದನ್ನೇ ಕಣ್ಣಿಗೊತ್ತಿ ಕೂತ,
ಚಮಚ ತಪ್ಪಿ ಸಾರಿಗೆ ಬೆರಳದ್ದಿದ.
ಅವನಮ್ಮ ಬೈದಳು. ನಾನು ನಕ್ಕೆ.

ನಮ್ಮ ಕೋಚ್ಕೋರಿನಲ್ಲಿ ಯಾರಿಗೆ ಗೊತ್ತಿಲ್ಲ
ಆಪಾಳ ಬಿಳಿಗೋಡೆ?
ಗದ್ದ ಎತ್ತು. ಕಿವಿ ಕಾಣಲಿ. ಉಸಿರು ಹಿಡಿ.
ನನ್ನ ಮದುವೆಯ ಪಟದಲ್ಲೂ ನಾನು
ಗಡಿ ದಾಟಲು ಕಾದು ನಿಂತವನ ಹಾಗೇ ಇದ್ದೇನೆ.
ಈಗ ಆ ಕೆಲಸ ಫೋನುಗಳು ಮಾಡುತ್ತವೆ.
ಅಂಗಡಿಯಲ್ಲಿ ಉಳಿದದ್ದು ಒಂದು ಕ್ಯಾಮೆರಾ,
ಮೂವತ್ತಾರು ಪಟದ ಒಂದು ರೀಲು,
ಸ್ಕೂಲು ಬಿಟ್ಟರೆ ಅಲ್ಲೇ ಬಂದು ಬೀಳುವ ಒಂಬತ್ತು ಮಕ್ಕಳು.
ತಲೆಗೆ ನಾಲ್ಕು.
ನಾಲ್ಕೇ ನಾಲ್ಕು.

ಐಪೇರಿ ನಾಲ್ಕನ್ನೂ ಒಂದೇ ಬೆಕ್ಕಿಗೆ ಸುರಿದಳು.
ಎಲ್ಲರಿಗಿಂತ ದೊಡ್ಡವನು ಬೆಕ್‌ತೆಮಿರ್
ಮುಚ್ಚಳ ತೆಗೆಯದೆ ಒಂದು ಹೊಡೆದು ಅತ್ತ.
ಅತ್ತದ್ದನ್ನು ಯಾರೂ ಪಟ ಹಿಡಿಯಲಿಲ್ಲ, ಪುಣ್ಯ.
ನನ್ನವನು ಮಾತ್ರ ತನ್ನ ಸರದಿಯ ದಿನವೆಲ್ಲ
ಗುಂಡಿ ಒತ್ತದೆ ತಿರುಗಿದ:
ಕುದುರೆಯ ಹೊಟ್ಟೆಯಡಿ, ಮೇಜಿನಡಿ,
ರಿಪೇರಿಗೆ ನಾನು ಎತ್ತಿ ನಿಲ್ಲಿಸಿದ ವ್ಯಾನಿನಡಿ.
"ಯಾಕೋ, ಯಾವಾಗ ಹೊಡೀತೀಯ?"
"ಇನ್ನೂ ಆಗಿಲ್ಲ" ಅಂದ,
ಒಲೆಯ ಮುಂದೆ ನಿಂತವರ ಹಾಗೆ.

ಪಟ ಮೂಡಿಸಿದ್ದು ಅವಳ ಬಚ್ಚಲುಮನೆಯಲ್ಲಿ.
ಒಳಗೆ ಕೆಂಪು ಬಲ್ಬು, ವಿನೆಗರಿನ ಘಾಟು, ಮಕ್ಕಳು.
ಹೊರಗೆ ಹಿಮದಲ್ಲಿ ಕಾಲು ಬಡಿಯುತ್ತ ನಾವು.
"ಬಂತು! ಬಂತು! ಕಿವಿ ಬಂತು!"
ಬೆಕ್ಕಿನದೋ ಯಾರದೋ.

ಹಗ್ಗದ ಮೇಲಿನ ಹಸಿ ಪಟಗಳಲ್ಲಿ
ನನ್ನನ್ನು ಹುಡುಕಿದೆ.
ಮಗ ನನ್ನ ತಲೆ ಕತ್ತರಿಸಿದ್ದ.
ಮೂರರಲ್ಲಿ ಮೂರೂ ಸಲ. ಎದೆಯಿಂದ ಕೆಳಗೆ ನಾನು:
ಗ್ರೀಸು ಮೆತ್ತಿದ ಕೈ, ಕೈಯಲ್ಲಿ ಸ್ಪ್ಯಾನರು,
ಒರೆಸಿ ಒರೆಸಿ ಕಪ್ಪಾದ ತೊಡೆ.
"ಫ್ರೇಮು ತಪ್ಪಿದೆ" ಅಂದೆ,
ಪಕ್ಕದವರು ನಗುವ ಮೊದಲು ನಾನೇ.

ಆಪಾ ಮಂಡಿಯೂರಿದಳು.
ಎಪ್ಪತ್ತೊಂದರ ಮಂಡಿ, ಲಟಕ್ಕೆಂದಿತು.
ಎಲ್ದಾರನ ಎತ್ತರಕ್ಕೆ ಇಳಿದು
ಅಲ್ಲಿಂದ ನನ್ನನ್ನು ನೋಡಿದಳು, ಬಹಳ ಹೊತ್ತು,
ಇಷ್ಟು ವರ್ಷ ಊರಿನ ಗದ್ದ ಎತ್ತಿಸಿದವಳು.
"ತಪ್ಪಿಲ್ಲ ಮಾರಾಯ,
ಇಲ್ಲಿಂದ ನಿನ್ನ ಮುಖ ಬಲು ದೂರ.
ಎಬ್ಬಿಸು ನನ್ನ."

ನಾಲ್ಕನೆಯದು ಹಗ್ಗದ ತುದಿಯಲ್ಲಿತ್ತು.
ವ್ಯಾನಿನಡಿ ಅಂಗಾತ ನಾನು;
ಪಕ್ಕದಲ್ಲೇ ಮಲಗಿ ಹಿಡಿದಿರಬೇಕು, ಯಾವಾಗಲೋ.
ಹಲ್ಲಿನ ನಡುವೆ ನಾಲಗೆಯ ತುದಿ,
ಕಣ್ಣು ಒಂದು ತುಕ್ಕು ನಟ್ಟಿನ ಮೇಲೆ.
ಅಷ್ಟು ಅಕ್ಕರೆಯಿಂದ ನಾನು
ಏನನ್ನಾದರೂ ನೋಡುತ್ತೇನೆಂದು
ನನಗೆ ಗೊತ್ತಿರಲಿಲ್ಲ.

ಮುಂದಿನ ರೀಲಿಗೆ ದುಡ್ಡು ನಾನು ಕೊಟ್ಟೆ.
ಆಪಾ ನನಗೂ ಒಂದು ತೂತಿನ ರಟ್ಟು ಕೊಟ್ಟಳು.
ಎಲ್ದಾರ್ ಬೆರಳು ಮಡಿಸಿ ಎಣಿಸಿದ:
"ಈಗ ಹತ್ತು ಜನ. ತಲೆಗೆ ಮೂರು.
ಆರು ಉಳೀತವೆ, ಯಾರಿಗೆ?"

"ಬೆಕ್ಕಿಗೆ" ಅಂದಳು ಐಪೇರಿ.