ದುಂಡು ಸಂಖ್ಯೆ

ಸಿಡ್ನಿಯಲ್ಲಿ ಪೇಟೆ ತೆರೆಯುವ ಹೊತ್ತಿಗೆ
ಕಾಲ್ಗೂರ್ಲಿಯಲ್ಲಿ ಇನ್ನೂ ಎಂಟು ಗಂಟೆ.
ಔಷಧದಂಗಡಿಯ ಷಟರ್ ಅರ್ಧ ಎತ್ತಿ
ಕೌಂಟರಿನ ಕೆಳಗೆ ಫೋನು ನೋಡುತ್ತೇನೆ,
ಕದ್ದು, ನನ್ನದೇ ಅಂಗಡಿಯಲ್ಲಿ.

ನಲವತ್ತೆರಡು ಸೆಂಟಿಗೆ ಕೊಂಡಿದ್ದೆ ಆ ನಿಕ್ಕಲ್ ಷೇರು,
ಒಂಬತ್ತು ಸಾವಿರ.
ಗಣಿಯಲ್ಲಿ ಲಾರಿ ಓಡಿಸುವ ಮರ್ವಿನ್
ಬಿ.ಪಿ. ಮಾತ್ರೆಗೆ ಬಂದವನು
ಕಲ್ಲು ಚೆನ್ನಾಗಿದೆಯಂತೆ ಅಂದಿದ್ದ.
ಅಷ್ಟು ಸಾಕಾಯಿತು.

ತೊಂಬತ್ತೊಂದಕ್ಕೆ ಏರಿದ ದಿನ
ಬೆರಳು ಗುಂಡಿಯ ಮೇಲೇ ಇತ್ತು.
ಡಾಲರ್ ಆಗಲಿ, ದುಂಡಗಾಗಲಿ ಅಂದುಕೊಂಡೆ.
ಮುಯ್ಯಿಗೆ ನೂರಾ ಒಂದು ಇಡುವ ಮನೆಯವಳು,
ದುಂಡು ಸಂಖ್ಯೆಯ ಹುಚ್ಚು ನನಗೆಲ್ಲಿಂದ ಹತ್ತಿತೋ!

ದೋಸೆಯಾದರೆ ಅಂಚು ತಾನೇ ಏಳುತ್ತದೆ,
ಈಗ ಮಗುಚು ಅನ್ನುತ್ತದೆ.
ಇದಕ್ಕೆ ಅಂಚೇ ಇಲ್ಲ.

ಇವತ್ತು ಹದಿನೇಳು.
ಮರ್ವಿನ್ ಬಂದ, ಅದೇ ಮಾತ್ರೆ.
ಅವನು ಐವತ್ತಕ್ಕೇ ಮಾರಿ
ಹೆಂಡತಿಯ ಹಲ್ಲು ಕಟ್ಟಿಸಿದನಂತೆ.
‘ಏರುತ್ತಿತ್ತಲ್ಲ, ಕಾಯಬಾರದಿತ್ತೆ?’
‘ನಾನು ಕಾಯುತ್ತಿದ್ದೆ. ಹಲ್ಲುನೋವು ಕಾಯುತ್ತದೆಯೇ?’

ಅವನು ಹೋದ ಮೇಲೆ
ಮೂರನೇ ಶೆಲ್ಫಿಗೆ ಕೈಹಾಕಿದೆ.
ಪ್ರತಿ ಡಬ್ಬಿಯ ತಳದಲ್ಲೂ
ತಿಂಗಳು, ವರ್ಷ ಅಚ್ಚಾಗಿದೆ.
ಓದುತ್ತೇನೆ, ತೆಗೆಯುತ್ತೇನೆ, ಬಿಸಾಡುತ್ತೇನೆ;
ಎರಡನೇ ಯೋಚನೆಯಿಲ್ಲ,
ದುಡ್ಡು ಕೊಟ್ಟು ತಂದದ್ದೇ ಆದರೂ.

ಮಧ್ಯಾಹ್ನ ಗಣಿಯಲ್ಲಿ ಸಿಡಿಮದ್ದು.
ಶೀಶೆಗಳು ಸಣ್ಣಗೆ ನಡುಗಿ ಸುಮ್ಮನಾದವು.
ಪೇಟೆ ಮುಚ್ಚಲು ಇನ್ನು ಹತ್ತು ನಿಮಿಷ.

ಹದಿನೇಳೂವರೆ.

ಇರಲಿ,
ಇಪ್ಪತ್ತಾಗಲಿ.